ಲೆಕ್ಕದೂರಿನ ಮಳೆ

ನಮ್ಮೂರಿನ ಶ್ಯಾವಿಗೆಯ ರುಚಿ ಬೇರೆ ಯಾವ ಊರಿನ ಶ್ಯಾವಿಗೆಗೂ ಇಲ್ಲ. ನನ್ನ ಮಾತಲ್ಲ, ತಿಂದು ಹೋದವರ ಮಾತು. ಕಾರಣ ಇಷ್ಟೇ: ನಮ್ಮ ಹೆಂಗಸರು ಶ್ಯಾವಿಗೆಯನ್ನು ಈ ವರ್ಷದ ಬಿಸಿಲಿನಲ್ಲಿ ಒಣಗಿಸುವುದಿಲ್ಲ, ಇನ್ನೂ ಬಾರದ ಬಿಸಿಲಿನಲ್ಲಿ ಒಣಗಿಸುತ್ತಾರೆ. ಹಳೆಯ ಟಾಕೀಸಿನಲ್ಲಿ ಮಧ್ಯಾಹ್ನದ ಆಟಕ್ಕೆ ಮುಂದಿನ ತಲೆಮಾರಿನ ಬೇಸಿಗೆ ಹಾಕುತ್ತಾರೆ. ತೆರೆಯ ಮೇಲೆ ನಮ್ಮೂರೇ ಕಾಣುತ್ತದೆ. ಅದೇ ಗುಡ್ಡ, ಅದೇ ಹೊಳೆ, ಅದೇ ಓಣಿಗಳು. ಆದರೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಅಲ್ಲಿ ಹೊತ್ತೇರಿದಂತೆ ಇಲ್ಲಿ ಗಾಂಧಿ ಕ್ಲಾಸಿನ ಬೆಂಚುಗಳು ಕಾದು ಸುಡುತ್ತವೆ. ಹೊರಗೆ ಜಡಿಮಳೆ ಹಿಡಿದಿದ್ದರೂ ಸರಿ, ಒಳಗೆ ಹೆಂಗಸರು ಕೋಲುಗಳ ಮೇಲೆ ಶ್ಯಾವಿಗೆ ಇಳಿಬಿಟ್ಟು, ಮಧ್ಯಂತರದಲ್ಲಿ ಒಮ್ಮೆ ತಿರುವಿ, ಆಟ ಮುಗಿಯುವಷ್ಟರಲ್ಲಿ ಡಬ್ಬಿ ತುಂಬಿಕೊಂಡು ಮನೆಗೆ ಹೋಗುತ್ತಾರೆ. ದೂರದ ವರ್ಷದ ಆಟ ಹಾಕಿದಷ್ಟೂ ಶ್ಯಾವಿಗೆ ಬೇಗ ಒಣಗುತ್ತದೆ. ಅದರ ಅರ್ಥವೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. “ನಮ್ಮ ಮೊಮ್ಮಕ್ಕಳು ಈ ಬಿಸಲಾಗ ಹೆಂಗ ಬಾಳೇವು ಮಾಡ್ತಾವೋ ಯವ್ವಾ” ಎಂದು ನಿಟ್ಟುಸಿರು ಬಿಡುತ್ತಲೇ ಇನ್ನೊಂದು ಕೋಲು ಏರಿಸುತ್ತಾರೆ.

ತೆರೆಯ ಮೇಲಿನ ಆ ಊರಿಗೆ ನಾವು ಲೆಕ್ಕದೂರು ಎನ್ನುತ್ತೇವೆ. ಮೊದಲು ಪ್ರೊಜೆಕ್ಟರು ಇದ್ದ ಕೋಣೆಯಲ್ಲಿ ಈಗ ಸಾಲಾಗಿ ಕಂಪ್ಯೂಟರುಗಳಿವೆ. ಅವುಗಳಿಗೆ ಲೆಕ್ಕ ಉಣಿಸುವವಳು ನನ್ನ ಹೆಂಡತಿ ಸುಗಂಧಾ. ನಾನು ಮಲಕಾಜಪ್ಪ, ಟಾಕೀಸಿನ ಬಾಗಿಲಲ್ಲಿ ಮಿರ್ಚಿ ಭಜಿ ಕರಿಯುತ್ತೇನೆ. ಮನೆಯಲ್ಲಿ ಬುದ್ಧಿಯ ಪಾಲು ಅವಳದು, ಎಣ್ಣೆಯ ಪಾಲು ನನ್ನದು. ಗುಡ್ಡದ ಇಳಿಜಾರು ಎಷ್ಟು, ಎರೆಮಣ್ಣು ಎಷ್ಟು ನೀರು ಕುಡಿದು ಸಾಕೆನ್ನುತ್ತದೆ, ಕಡಲಿನಿಂದ ಹೊರಟ ಗಾಳಿ ನಮ್ಮ ಗುಡ್ಡಕ್ಕೆ ತಾಗಿ ಹೇಗೆ ತಿರುಗುತ್ತದೆ, ಇವೆಲ್ಲ ಅವಳಿಗೆ ಬಾಯಿಪಾಠ. ಗಾಳಿ, ನೀರು, ಬಿಸಿಲು ನಡೆದುಕೊಳ್ಳುವ ಕಟ್ಟಳೆಯನ್ನಷ್ಟೇ ಅವಳು ಯಂತ್ರಕ್ಕೆ ಹೇಳುತ್ತಾಳೆ. ಊರಿನಲ್ಲಿ ಏನಾಯಿತು, ಯಾರಿಗೆ ಏನಾಯಿತು ಎಂಬುದನ್ನು ಹೇಳುವುದಿಲ್ಲ. ಉಳಿದದ್ದನ್ನು ಅದು ತಾನೇ ನಡೆಸಿಕೊಂಡು ಹೋಗುತ್ತದೆ. ನಾನು ಎಷ್ಟೋ ಸಲ ಭಜಿ ಸೀಯಲು ಬಿಟ್ಟು ಬಾಗಿಲ ಸಂದಿನಿಂದ ಅದನ್ನು ನೋಡುತ್ತ ನಿಂತದ್ದುಂಟು. ಮೋಡವೊಂದು ಯಾರೂ ತಳ್ಳದೆ ತಾನಾಗಿ ಗುಡ್ಡ ಹತ್ತುವುದನ್ನು ನೋಡಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹಾಗೆಂದು ಅವಳ ಯಂತ್ರ ಸರ್ವಜ್ಞನೇನಲ್ಲ. “ನನ್ನ ಮಗಳ ಲಗ್ನದ ದಿನ ಮಳಿ ಬರತೈತೇನ್ರಿ?” ಎಂದು ಕೇಳಿಕೊಂಡು ಬರುವವರಿಗೆ ಅವಳದು ಒಂದೇ ಉತ್ತರ: “ದಿನ ಕೇಳಬ್ಯಾಡ್ರಿ, ಕಾಲ ಕೇಳ್ರಿ.” ಒಂದೇ ವರ್ಷವನ್ನು ಮೊದಲ ಗಾಳಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿ ಮತ್ತೆ ಮತ್ತೆ ನಡೆಸುತ್ತಾಳೆ. ನಿನ್ನೆಯ ಆಟದಲ್ಲಿ ಮಳೆ ಬಂದ ದಿನ ಇವತ್ತಿನ ಆಟದಲ್ಲಿ ಬಿಸಿಲು ಕಾಯುತ್ತದೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಒಂದು ಕಾಲವನ್ನು ತಿಳಿಯಲು ಒಂದು ಆಟ ಸಾಲದು ಎಂಬುದು ಅವಳ ವಾದ. ಇನ್ನೂ ದೊಡ್ಡ ತಮಾಷೆಯೆಂದರೆ, ಪ್ರತಿ ಆಟಕ್ಕೂ ಮುಂಚೆ ಮೈಕು ಹಿಡಿದು ತನ್ನ ಯಂತ್ರದ ಕುಂದುಗಳನ್ನು ತಾನೇ ಹೇಳುತ್ತಾಳೆ. “ಗುಡ್ಡದ ಮಂಜು ಲೆಕ್ಕದೂರಾಗ ತಡಾ ಆಗಿ ಬರತೈತಿ. ಕುಂಬಾರ ಓಣಿ ಮಳಿ ಒಮ್ಮೊಮ್ಮೆ ಬಾಜೂ ಓಣಿಗೆ ಬೀಳತೈತಿ. ತಿದ್ದೋದು ನನಗ ಇನ್ನೂ ತಿಳಿದಿಲ್ಲ.” ತನ್ನ ಸರಕಿನ ಹುಳುಕನ್ನು ತಾನೇ ಸಾರುವ ವ್ಯಾಪಾರಿಯನ್ನು ನೀವು ಕಂಡಿದ್ದೀರಾ? ನಾನಂತೂ ಎಣ್ಣೆ ನಿನ್ನೆಯದು ಎಂದು ಯಾವತ್ತೂ ಕೂಗಿಲ್ಲ.

ನಮ್ಮೂರಿನಲ್ಲಿ ಒಂದು ಪದ್ಧತಿಯಿದೆ. ಮುಂದಿನದನ್ನು ತೋರಿಸುವ ಮೊದಲು ಯಂತ್ರ ಹಿಂದಿನದನ್ನು ತೋರಿಸಿ ಒಪ್ಪಿಗೆ ಪಡೆಯಬೇಕು. ಊರಿನ ಹಿರಿಯರು ತಾವು ಬಾಳಿ ಬಂದ ವರ್ಷವೊಂದನ್ನು ಹೆಸರಿಸುತ್ತಾರೆ, ಯಂತ್ರ ಅದನ್ನು ನಡೆಸಿ ತೋರಿಸುತ್ತದೆ. ನೆನಪಿಗೆ ತಾಳೆಯಾದರೆ ಸೈ. ತಪ್ಪಿದರೆ ಹಿರಿಯರ ಮುಂದಾಳು ಚಪ್ಪಾಳೆ ತಟ್ಟುತ್ತಾನೆ, ಆಟ ಅಲ್ಲಿಗೇ ನಿಲ್ಲುತ್ತದೆ. ಬೇಸಿಗೆಯ ಪರೀಕ್ಷೆಯಲ್ಲಿ ಯಂತ್ರ ಎಂದೋ ಗೆದ್ದಿತ್ತು. ಮುಂದಾಳು ಅಡಿವೆಪ್ಪಜ್ಜ ಆವತ್ತು ಬೆವರು ಒರೆಸಿಕೊಳ್ಳುತ್ತ, “ಇದ ಬಿಸಲು ನೋಡ್ರಪಾ! ಈ ಬಿಸಲಾಗ ನನ್ನ ಲಗ್ನ ಆಗಿತ್ತು. ಅಕ್ಕಿಕಾಳು ತಲಿ ಮ್ಯಾಲ ಬಿದ್ರ ಹುರದ ಹೋಗೂ ಹಂಗಿತ್ತು” ಎಂದು ಕುಣಿದುಬಿಟ್ಟಿದ್ದ. ಶ್ಯಾವಿಗೆಗೆ ಅಪ್ಪಣೆ ಸಿಕ್ಕಿದ್ದು ಹಾಗೆ.

ಮಳೆಯ ಕಥೆಯೇ ಬೇರೆ. ಮಳೆಗೆ ಹಿರಿಯರು ಹೆಸರಿಸುವುದು ಮಹಾಪೂರದ ವರ್ಷವನ್ನು. ಹೊಳೆದಂಡೆಯ ಬಣ್ಣಗಾರ ಓಣಿಯ ಬಾಯಲ್ಲಿ ಊರ ಅಗಸಿ ಇದೆ, ಕಲ್ಲಿನ ಹೆಬ್ಬಾಗಿಲು. ಅದರ ಕಂಬದಲ್ಲಿ ಆ ವರ್ಷದ ನೀರಿನ ಮಟ್ಟಕ್ಕೆ ಒಂದು ಗೆರೆ ಕೊರೆದಿದ್ದಾರೆ; ವರ್ಷಕ್ಕೊಮ್ಮೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಗೆರೆಗಿಂತ ಒಂದಾಳು ಮೇಲೆ ಎರಡು ಕಲ್ಲಿನ ಗಿಳಿಗಳು, ಅವುಗಳ ಕಾಲಡಿ ಅಗಲವಾದ ಚಾಚುಗಲ್ಲು. ಲೆಕ್ಕದೂರಿನ ಮಹಾಪೂರದಲ್ಲಿ ನೀರು ಏರಿ ಏರಿ ಗೆರೆಯನ್ನು ದಾಟುತ್ತದೆ. ದಾಟಿದ ಕೂಡಲೇ ಅಡಿವೆಪ್ಪಜ್ಜನ ಚಪ್ಪಾಳೆ. ಹಿರಿಯರು ಒದ್ದೆ ಧೋತರ ಹಿಂಡಿಕೊಳ್ಳುತ್ತ ಎದ್ದು ಹೋಗುತ್ತಾರೆ. ತೆರೆಯಿಂದ ಮಳೆ, ಗಾಳಿ, ಬಿಸಿಲು ಹೊರಗೆ ಬರುತ್ತವೆಯೇ ವಿನಾ ಹೊಳೆ ಬರುವುದಿಲ್ಲ, ಅದು ದೇವರ ದೊಡ್ಡ ದಯೆ. ಹೀಗೆ ವರ್ಷ ವರ್ಷವೂ ಯಂತ್ರ ಮಳೆಯಲ್ಲಿ ಸೋಲುತ್ತಿತ್ತು, ಮುಂದಿನ ಮಳೆಗಾಲಗಳು ಆ ಕೋಣೆಯಲ್ಲೇ ಬಂದಿಯಾಗಿ ಉಳಿಯುತ್ತಿದ್ದವು.

ಅಷ್ಟರಲ್ಲಿ ಪುರಸಭೆ ಅಧ್ಯಕ್ಷರಾದ ಪರ್ವತಗೌಡರು ಹೆರಿಗೆ ಆಸ್ಪತ್ರೆ ಕಟ್ಟಿಸಲು ಹೊರಟರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅವರ ಸ್ವಂತ ತಂಗಿ ಗುಡ್ಡದ ದಾರಿಯಲ್ಲಿ ಚಕ್ಕಡಿಯೊಳಗೇ ಹೆರಿಗೆಯಾಗಿ ತೀರಿಕೊಂಡಿದ್ದಳು. ಹೊಳೆಯಾಚೆಯ ಹಳ್ಳಿಗಳ ಬಸುರಿಯರಿಗೆ ಗುಡ್ಡ ಹತ್ತುವ ಕಷ್ಟ ಬೇಡವೆಂದು ಅಗಸಿಯ ಪಕ್ಕದ ಬಯಲನ್ನು ಆರಿಸಿದ್ದರು. ಜಾಗ ಗೆರೆಗಿಂತ ಎತ್ತರದಲ್ಲಿತ್ತು, ಸಾಲದ್ದಕ್ಕೆ ಇನ್ನೂ ಎತ್ತರದ ಕಟ್ಟೆ ಕಟ್ಟಿಸುತ್ತೇನೆಂದರು. ಗೆರೆಯ ಮಾತು ನಿಜವಾದರೆ ಅಡ್ಡಿಯಿಲ್ಲ. ಲೆಕ್ಕದೂರಿನ ಮಾತು ನಿಜವಾದರೆ ಮಲಗಿದ ಬಾಣಂತಿಯರ ಮಂಚದ ಮೇಲೆ ನೀರು. ಸುಗಂಧಾಳಿಗೆ ಅನ್ನ ಸೇರದಾಯಿತು. ಗುಡ್ಡವನ್ನು ಮತ್ತೆ ಅಳೆದಳು, ಮಣ್ಣನ್ನು ಮತ್ತೆ ತೂಗಿದಳು. “ನಾನ ತಪ್ಪಿರಬಹುದು” ಎಂದು ದಿನಕ್ಕೊಮ್ಮೆ ಅನ್ನುವಳು. ಆದರೆ ಎಷ್ಟು ತಿದ್ದಿ ಬರೆದರೂ ನೀರು ಗೆರೆಗೆ ನಿಲ್ಲುತ್ತಿರಲಿಲ್ಲ.

ಒಂದು ಮುಂಜಾನೆ ಗೌಡರು ನಮ್ಮ ಮನೆಗೇ ಬಂದರು. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, “ತಂಗೀ, ಒಂದಾಳಿನಷ್ಟು ತಗ್ಗಸಿಬಿಡು. ನೀರು ಗೆರಿಗೆ ನಿಂತ್ರ ಹಿರೇರು ಹೌದಂತಾರ. ನಿನ್ನ ಮಳಿ ಆಟಕ್ಕ ಅಪ್ಪಣಿ ಸಿಗತೈತಿ, ನನ್ನ ಆಸ್ಪತ್ರಿಗೂ ತಕರಾರು ಉಳಿಯೂದಿಲ್ಲ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು” ಎಂದರು.

ಸುಳ್ಳೇಕೆ ಹೇಳಲಿ, ನನಗೂ ಅದು ಸರಿ ಕಂಡಿತು. “ಗೌಡ್ರು ಹೇಳೂದು ಖರೇ ಐತಿ. ಊರಿಗೆ ಊರ ಒಂದು ಕಡೆ ಆದ್ರ ನೀ ಒಬ್ಬಾಕೀನ ಎಷ್ಟಂತ ಈಸ್ತಿ?” ಎಂದೆ.

ಅವಳು ನನ್ನ ಕಡೆ ನೋಡಲೂ ಇಲ್ಲ. “ಎಲ್ಲಿ ತಗ್ಗಸ್ಲಿ ಗೌಡ್ರ? ಮೋಡದಾಗ ತಗ್ಗಸ್ಲೋ, ಗುಡ್ಡದಾಗ ತಗ್ಗಸ್ಲೋ? ಹಿಂದಿನ ವರ್ಷದಾಗ ಒಂದಾಳು ಕದ್ರ ಮುಂದಿನ ಎಲ್ಲಾ ವರ್ಷದಾಗೂ ಒಂದಾಳು ಕದ್ದಂಗ. ಆ ಒಂದಾಳು ನೀರಿನ್ಯಾಗ ನಿಮ್ಮ ಬಾಣಂತ್ಯಾರು ಮಲಗಿರ್ತಾರ” ಎಂದಳು. ಗೌಡರು ಮುಖ ಸಣ್ಣದು ಮಾಡಿಕೊಂಡು, ಸೋಮವಾರ ಅಡಿಗಲ್ಲು ಇಡುವುದು ಖಂಡಿತ, ಅದಕ್ಕೆ ಮುಂಚೆ ಕೊನೆಯದಾಗಿ ಒಂದು ಪರೀಕ್ಷೆ ಮಾಡಿಕೊಳ್ಳಿ ಎಂದು ಹೇಳಿ ಎದ್ದರು.

ಆವತ್ತೇ ಮಧ್ಯಾಹ್ನ ಬೇಸಿಗೆಯ ಆಟ ಬಿಟ್ಟ ಮೇಲೆ ಬಣ್ಣಗಾರ ಓಣಿಯ ತಿಪ್ಪವ್ವ ನನ್ನ ಅಂಗಡಿಯ ಮುಂದೆ ನಿಂತಳು. ನಮ್ಮ ಕಡೆ ಅಜ್ಜಿಯನ್ನು ಆಯಿ ಎನ್ನುತ್ತಾರೆ. ಅವಳನ್ನು ಹಾಗೆ ಕರೆಯುವ ಸ್ವಂತ ಮೊಮ್ಮಕ್ಕಳು ಯಾರೂ ಇರಲಿಲ್ಲ, ನಾವೇ ಕರೆಯುತ್ತಿದ್ದೆವು. ಬಣ್ಣ ಅದ್ದಿ ಅದ್ದಿ ಅವಳ ಕೈಗಳು ಮೊಣಕೈವರೆಗೆ ನೀಲಿ. ಬೇಸಿಗೆಯ ಆಟಕ್ಕೆ ತಪ್ಪದೆ ಬರುತ್ತಿದ್ದಳು, ಮಳೆಯ ಪರೀಕ್ಷೆಯ ದಿನ ಮಾತ್ರ ಟಾಕೀಸಿನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

“ಮಲಕಾಜಪ್ಪಾ, ನಿನ್ನ ಹೇಣ್ತಿ ಆಟದಾಗ ನೀರು ಗೆರಿ ದಾಟತೈತಂತ, ಹೌದೇನೋ?” ಎಂದು ಕೇಳಿದಳು.

“ದಾಟತೈತಿ ಆಯಿ. ದಾಟಿದ್ದ ತಡ, ಅಜ್ಜಾ ಚಪ್ಪಾಳಿ ಬಡೀತಾನ.”

“ದಾಟಿ ಎಲ್ಲಿತನಕ ಹೊಕ್ಕೈತಿ?”

“ಒಂದಾಳಿನಷ್ಟು ಏರತೈತಿ ಅಂತಾಳ ಆಕಿ. ಮುಂದ ನೋಡಾಕ ಬಿಟ್ರಲ್ಲ ಖಾತ್ರಿ ಆಗೂದು?”

ಅವಳು ಶ್ಯಾವಿಗೆ ಡಬ್ಬಿಯನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಅವಳ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಮಹಾಪೂರದ ಸಂಜೆ ಊರೆಲ್ಲ ಗುಡ್ಡಕ್ಕೆ ಓಡಿದಾಗ ಮನೆಯಲ್ಲಿ ಇದ್ದವರು ಇವಳು, ಕಣ್ಣು ಕಾಣದ ಅತ್ತೆ, ಆರು ತಿಂಗಳ ಕೂಸು ಹೂವವ್ವ. ಇಬ್ಬರನ್ನೂ ಹೊರಲಾಗದೆ, ಕೂಸನ್ನು ಬುಟ್ಟಿಯಲ್ಲಿ ಮಲಗಿಸಿ, ಏಣಿ ಹತ್ತಿ ಅಗಸಿಯ ಗಿಳಿಗಳ ಕಾಲಡಿಯ ಚಾಚುಗಲ್ಲಿನ ಮೇಲಿಟ್ಟು, ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡು ಗುಡ್ಡ ಹತ್ತಿದಳು. ತಿರುಗಿ ಬರುವಷ್ಟರಲ್ಲಿ ದಾರಿಯೇ ಇರಲಿಲ್ಲ. ಮರುದಿನ ಬುಟ್ಟಿಯೂ ಇಲ್ಲ, ಕೂಸೂ ಇಲ್ಲ. ನೀರು ಗೆರೆಯ ಮೇಲೆ ಹೋಗಿಯೇ ಇಲ್ಲ ಎಂದಮೇಲೆ ಒಂದಾಳು ಎತ್ತರದಲ್ಲಿದ್ದ ಕೂಸು ಕೊಚ್ಚಿಹೋದದ್ದು ಹೇಗೆ ಎಂದು ಊರು ಕೇಳಿತು. ಮೇಲೆ ಇಟ್ಟಿರಲಿಕ್ಕಿಲ್ಲ, ಹೆದರಿಕೆಯಲ್ಲಿ ಕೈಬಿಟ್ಟಳು, ಈಗ ಕಥೆ ಕಟ್ಟುತ್ತಾಳೆ ಎಂದು ಊರೇ ತೀರ್ಮಾನ ಹೇಳಿತು. ಗಂಡ ಅದನ್ನು ನಂಬಿ ಊರು ಬಿಟ್ಟ. ಆ ಮಾತನ್ನು ನಾನೂ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವನು.

“ಮಂದಿ ಅಂದಿದ್ದು ಬಿಡು” ಎಂದಳು ತಿಪ್ಪವ್ವ. “ಅಂದು ಅಂದು, ಈಗ ನನಗ ಸುದ್ದಾ ಹಂಗ ಅನಸ್ತೈತಿ. ಏಣಿ ಹತ್ತಿದ್ನೋ ಇಲ್ಲೋ? ಬುಟ್ಟಿ ಖರೇನ ಮ್ಯಾಲ ಇಟ್ನೋ, ಇಲ್ಲಾ ಕೆಳಗಿನ ಕಟ್ಟಿ ಮ್ಯಾಲ ಇಟ್ಟು ಓಡಿದ್ನೋ? ನನ್ನ ಕೈ ನನಗ ಖಾತ್ರಿ ಇಲ್ಲದಂಗ ಆಗೈತಪಾ.” ಎಣ್ಣೆ ಹೊಗೆಯಾಡುತ್ತಿದ್ದರೂ ನನಗೆ ಭಜಿ ತೆಗೆಯುವ ಜಾರಿ ಎತ್ತಲು ಮನಸ್ಸಾಗಲಿಲ್ಲ. ಅಷ್ಟು ವರ್ಷ ಅವಳ ಡಬ್ಬಿಯಿಂದ ಶ್ಯಾವಿಗೆ ತಿಂದಿದ್ದೇನೆ, ಒಮ್ಮೆಯಾದರೂ ಅವಳ ಮಾತು ನಿಜವಿರಬಹುದೇ ಎಂದು ಯೋಚಿಸಿರಲಿಲ್ಲ.

ಪರೀಕ್ಷೆಯ ದಿನ ಟಾಕೀಸು ಕಿಕ್ಕಿರಿದಿತ್ತು. ಬಾಲ್ಕನಿಯಲ್ಲಿ ಗೌಡರು, ಗಾಂಧಿ ಕ್ಲಾಸಿನಲ್ಲಿ ಕೊಡೆ ಬಿಚ್ಚಿಕೊಂಡ ಹಿರಿಯರು, ಅವರ ಪಕ್ಕದಲ್ಲಿ ಕೊಡೆಯಿಲ್ಲದೆ ತಿಪ್ಪವ್ವ. ಸುಗಂಧಾ ಎಂದಿನಂತೆ ಮೈಕು ಹಿಡಿದು ಕುಂದುಗಳನ್ನೆಲ್ಲ ಹೇಳಿ ಮುಗಿಸಿದಳು. ಲೆಕ್ಕದೂರಿನಲ್ಲಿ ಮೋಡ ಕವಿಯಿತು. ಗಾಳಿ ಮೊದಲ ಸಾಲಿನ ಕೊಡೆಗಳನ್ನು ಉಲ್ಟಾ ಮಾಡಿತು, ಹನಿ ದಪ್ಪವಾಯಿತು, ಮಣ್ಣಿನ ಗೋಡೆಗಳು ಒಂದೊಂದಾಗಿ ಕರಗಿ ಕುಸಿದವು. ಕತ್ತಲೆಯಲ್ಲಿ ಅಗಸಿಯೊಂದೇ ನಿಂತಿತ್ತು. ನೀರು ಗೆರೆಯನ್ನು ಮುಟ್ಟಿತು, ದಾಟಿತು. ಅಡಿವೆಪ್ಪಜ್ಜ ಎರಡೂ ಕೈ ಎತ್ತಿದ.

ತಿಪ್ಪವ್ವ ಆ ಕೈಗಳನ್ನು ಗಾಳಿಯಲ್ಲೇ ಹಿಡಿದಳು. “ಬಡೀಬ್ಯಾಡ. ಇಷ್ಟು ವರ್ಷ ನೀ ಹೇಳಿದ್ದು ನಾ ಕೇಳೀನಿ. ಇವತ್ತೊಂದು ದಿನ ನನ್ನ ಮಾತು ಕೇಳು.”

“ತಪ್ಪಾತಲ್ಲವಾ, ಗೆರಿ ದಾಟೇತಿ!” ಎಂದ ಅಜ್ಜ.

“ತಪ್ಪಿದ್ರ ತಪ್ಪಿರ್ಲಿ. ಮುಗೀತನಕ ನೋಡೂಣು.”

ನೀಲಿ ಕೈಗಳ ಹಿಡಿತ ಬಿಗಿಯಾಗಿತ್ತು, ಅಜ್ಜನಿಗೆ ಬಿಡಿಸಿಕೊಳ್ಳಲಾಗಲಿಲ್ಲ. ಊರಿನವರು ಮೊದಲ ಸಲ ಗೆರೆಯಾಚೆಯ ನೀರನ್ನು ನೋಡಿದರು. ಅದು ಅವಸರವಿಲ್ಲದೆ ಏರಿತು. ಚಾಚುಗಲ್ಲನ್ನು ತೊಳೆಯಿತು, ಗಿಳಿಗಳ ಕಾಲು ಮುಳುಗಿದವು, ಎದೆ ಮುಳುಗಿತು, ಕೊಕ್ಕು ಮುಳುಗಿತು. ತಿಪ್ಪವ್ವನ ಬಾಯಿಂದ ಒಂದು ದನಿ ಹೊರಟಿತು, ಅದನ್ನು ಅಳು ಎನ್ನಲಾರೆ. ತುಂಬ ಹೊತ್ತು ತೆರೆಯ ಮೇಲೆ ಬರೀ ಕಪ್ಪು ನೀರು. ಆಮೇಲೆ ಲೆಕ್ಕದೂರಿನಲ್ಲಿ ಬೆಳಗಾಯಿತು, ಮಳೆ ಸಣ್ಣಗಾಯಿತು, ನೀರು ಇಳಿಯತೊಡಗಿತು. ನಡುಹಗಲಿಗೆ ಮೋಡ ಹರಿದು, ತೊಯ್ದ ನಮ್ಮ ಹೆಗಲುಗಳ ಮೇಲೆ ಚುರುಕ್ಕೆಂದು ಬಿಸಿಲು ಬಿತ್ತು. ಆಗ ನೀರು ಸರಿಯಾಗಿ ಗೆರೆಯ ಮಟ್ಟದಲ್ಲಿತ್ತು.

ಅಡಿವೆಪ್ಪಜ್ಜ ತನ್ನ ಹೆಗಲನ್ನು ಮುಟ್ಟಿ ನೋಡಿಕೊಂಡ. “ಇದ ಬಿಸಲು” ಎಂದ. “ಹರಿಗೋಲು ಹಾಕ್ಕೊಂಡು ಗುಡ್ಡದಿಂದ ಮೊದಲು ಇಳಿದು ಬಂದಾಂವ ನಾನ. ಅಗಸಿಗೆ ಬಂದಾಗ ಹಿಂಗ ಹೆಗಲ ಮ್ಯಾಲ ಬಿಸಲು ಬಿತ್ತು. ನೀರು ಎಲ್ಲಿತ್ತೋ ಅಲ್ಲಿ ಉಳಿಯಿಂದ ಗೆರಿ ಕೊರದೆ. ಅದಕ್ಕಿಂತ ಮ್ಯಾಲ ಹೋಗಿ ಇಳದಿತ್ತಂತ ನನಗೇನು ಗೊತ್ತು? ರಾತ್ರಿ ನೋಡಿದಾಂವ ಯಾರಿದ್ದ? ಅಗಸಿ ಮಳಿಗೆ ಪೂರಾ ತೊಯ್ದಿತ್ತು, ಒಂದು ಮಣ್ಣಿನ ಗ್ವಾಡಿ ಉಳದಿದ್ರ ನೀರಿನ ಕಲಿ ಕಾಣತಿತ್ತು.” ಆಮೇಲೆ ತಿಪ್ಪವ್ವನ ಕಡೆ ತಿರುಗಿ, ತಲೆಯ ಮೇಲಿನ ಪಟಗ ತೆಗೆದು ಅವಳ ಕಾಲ ಬಳಿ ಇಟ್ಟ. ಅವಳು ಅದನ್ನು ನೋಡಲಿಲ್ಲ. ತನ್ನ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. “ಮ್ಯಾಲ ಇಟ್ಟಿದ್ದೆ” ಎಂದಳು. “ನಾ ಮ್ಯಾಲ ಇಟ್ಟಿದ್ದೆ.”

ನಾನು ಬಾಗಿಲಲ್ಲಿ ನಿಂತು ಹಸುಗೂಸಿನ ಹಾಗೆ ಅತ್ತೆ. ಹೂವವ್ವ ಎಂಬ ಕೂಸೊಂದು ಇತ್ತೆಂದು ಆ ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಗಾಳಿಯ ಲೆಕ್ಕ, ಮಣ್ಣಿನ ಲೆಕ್ಕ ಹಿಡಿದುಕೊಂಡು ಹೋಗಿ, ಊರಲ್ಲಿ ಯಾರೂ ಕಾಣದಿದ್ದ ಒಂದು ರಾತ್ರಿಗೆ ಅದು ಸಾಕ್ಷಿ ಹೇಳಿತ್ತು. ನನ್ನ ಹೆಂಡತಿಯ ಕಾಲು ಮುಟ್ಟಬೇಕೆನ್ನಿಸಿತು. ಅವಳು ಬೈಯುತ್ತಾಳೆಂದು ಸುಮ್ಮನಾದೆ.

ಅಲ್ಲಿಗೇ ಮುಗಿಸಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಹಿರಿಯರು ಹೌದೆಂದಿದ್ದರು, ಗೌಡರು ತಲೆ ತಗ್ಗಿಸಿದ್ದರು. ಆದರೆ ನನ್ನ ಹೆಂಡತಿ ಮೈಕು ಹಿಡಿದು, “ಇದು ಒಂದು ಆಟ. ಒಂದು ಆಟ ನೋಡಿ ಒಪ್ಪಬ್ಯಾಡ್ರಿ. ಇದ ವರ್ಷಾನ ಇನ್ನೂ ಹಲವು ಸಲ ನಡಸ್ತೀನಿ, ಎಲ್ಲಾನೂ ನೋಡಿ ಹೇಳ್ರಿ” ಎಂದುಬಿಟ್ಟಳು. ಗೆದ್ದ ಕುಸ್ತಿಯನ್ನು ಮತ್ತೆ ಹಿಡಿಯುವವರುಂಟೇ? ನಾನು ಹಣೆ ಚಚ್ಚಿಕೊಂಡೆ. ಸೋಮವಾರದ ಅಡಿಗಲ್ಲು ಮುಂದಕ್ಕೆ ಹೋಯಿತು, ದಿನಾ ಮಧ್ಯಾಹ್ನ ಊರು ಬಂದು ಮಹಾಪೂರದಲ್ಲಿ ತೊಯ್ದು ಹೋಯಿತು. ಒಂದು ದಿನ ಗಿಳಿಗಳ ಎದೆಯವರೆಗೆ, ಒಂದು ದಿನ ತಲೆಯ ಮೇಲೆ, ಒಂದು ದಿನ ಚಾಚುಗಲ್ಲಿಗೆ ತುಸು ಮೇಲೆ. ಜನ ಸೀನುತ್ತ ಕೂತು ನೋಡಿದರು, ನನ್ನ ಭಜಿಗಿಂತ ಶುಂಠಿ ಚಹಾಕ್ಕೆ ಗಿರಾಕಿ ಹೆಚ್ಚಾಯಿತು.

ನಾನು ಹೆದರಿದ್ದೇ ಆಯಿತು. ಕೊನೆಯ ದಿನದ ಆಟದಲ್ಲಿ ಗಾಳಿ ತುಸು ಮುಂಚೆ ಅಡ್ಡ ತಿರುಗಿತು, ಮೋಡದ ಅರ್ಧ ಗುಡ್ಡದಾಚೆ ಸುರಿದು ಹೋಯಿತು. ನೀರು ಏರಿತು, ಗೆರೆಯನ್ನು ದಾಟಿತು, ಚಾಚುಗಲ್ಲಿನ ಕೆಳಗೆ ಬಂದು ನಿಂತಿತು. ಅಲ್ಲಿಂದ ಮೇಲೆ ಬರಲೇ ಇಲ್ಲ. ಗಿಳಿಗಳ ಕಾಲಡಿಯ ಕಲ್ಲು ಬೆಳಗಿನ ತನಕ ಒಣಗಿಯೇ ಇತ್ತು.

ಪರ್ವತಗೌಡರು ಬಾಲ್ಕನಿಯಲ್ಲಿ ಎದ್ದು ನಿಂತರು. “ನೋಡ್ರಿ! ಯಂತ್ರನ ಹೇಳಾಕತ್ತೇತಿ, ನೀರು ಅಲ್ಲಿತನಕ ಬರಲಾರದ ಇರಬಹುದಿತ್ತಂತ. ನನ್ನ ಕಟ್ಟಿ ಆ ಚಾಚುಗಲ್ಲಿನಷ್ಟ ಎತ್ತರ ಇರತೈತಿ. ಇನ್ನೇನು ಬೇಕು? ಎಷ್ಟಂತ ಹೆದರೂದು? ಹೊಳಿ ಕಡೆ ಬಸುರ್ಯಾರು ದಾರಿಯೊಳಗ ಸಾಯಾಕತ್ಯಾರ. ಕಟ್ಟೂಣು!” ಎಂದರು. ತೊಯ್ದು ಬೇಸತ್ತಿದ್ದ ಜನ ಹೌದು ಹೌದೆಂದು ಗುಜುಗುಜು ಮಾಡಿದರು. ಸುಗಂಧಾ ಮೈಕು ಕೆಳಗಿಟ್ಟುಬಿಟ್ಟಳು. ಏನು ಹೇಳಿದರೂ ತನ್ನ ಯಂತ್ರದ ಪರವಾಗಿ ಹೇಳಿದಂತೆ ಆಗುತ್ತದೆಂದು ಅವಳಿಗೆ ಗೊತ್ತಿತ್ತು.

ತಿಪ್ಪವ್ವ ಮೊದಲ ಸಾಲಿನಲ್ಲಿ ಎದ್ದಳು. ಕಣ್ಣು ಆ ಒಣಗಿದ ಕಲ್ಲಿನ ಮೇಲೆಯೇ ಇತ್ತು.

“ಗೌಡಪ್ಪಾ, ಈ ಆಟ ಖರೇ ಆಗಲಿ ಅಂತ ಈ ಊರಾಗ ನನಗಿಂತ ಹೆಚ್ಚು ಬಯಸೂರು ಯಾರದಾರ? ಇದರಾಗ ನನ್ನ ಕೂಸು ಬದುಕೇತಿ” ಎಂದಳು. “ಆದ್ರ ಇದು ಒಂದ ಆಟ. ಉಳದ ಆಟದಾಗೆಲ್ಲಾ ಆ ಕಲ್ಲು ಮುಳುಗೇತಿ. ಮಂದಿ ಕೂಸುಗಳನ್ನ ಈ ಒಂದು ಆಟದ ಮ್ಯಾಲ ಮಲಗಸಬ್ಯಾಡ. ನಾ ಮಲಗಿಸಿದ್ದೆ.”

ಗೌಡರು ಕೈಯಿಂದ ಮುಖ ಮುಚ್ಚಿಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ ಮೆಟ್ಟಿಲಿಳಿದು ಬಂದು ಸುಗಂಧಾಳಿಗೆ, “ಗುಡ್ಡದ ಮ್ಯಾಲ ಎಲ್ಲಿ ಕಟ್ಟಸ್ಲಿ, ಗಾಡಿ ದಾರಿ ಎತ್ತಾಗಿಂದ ತರ್ಲಿ, ನಿನ್ನ ಮುಂದಿನ ಮಳಿ ತೋರಸವಾ” ಎಂದರು. ಜನ ಒಬ್ಬೊಬ್ಬರಾಗಿ ಎದ್ದು ಹೊರಟರು.

ಸುಗಂಧಾ ಯಂತ್ರ ಆರಿಸಲು ಕೋಣೆಗೆ ಹೊರಟಾಗ ತಿಪ್ಪವ್ವ ಕರೆದಳು. “ಇದನ್ನ ನಿಲ್ಲಸಬ್ಯಾಡವಾ. ಸುಳ್ಳಾದ್ರೂ ಮುಗೀತನಕ ಇರ್ಲಿ.”

“ಸುಳ್ಳಲ್ಲ ಆಯಿ” ಎಂದಳು ನನ್ನ ಹೆಂಡತಿ. “ಆಗಬಹುದಿತ್ತು. ಆಗಲಿಲ್ಲ.”

ತೆರೆಯ ಮೇಲೆ ಮೋಡ ಹರಿದು ಬಿಸಿಲು ಬಿತ್ತು. ತಿಪ್ಪವ್ವ ಖಾಲಿ ಬೆಂಚಿನ ಮೇಲೆ ಕುಳಿತು, ಲೆಕ್ಕದೂರಿನ ನೀರು ಪೂರ್ತಿ ಇಳಿಯುವವರೆಗೆ ಆ ಕಲ್ಲನ್ನು ನೋಡಿದಳು.